ಗುರು ನಿಲ್ಲಿಸಿದ ಸಾಲು

ಪರ್ವತ ಹಾಡು ಮರೆತದ್ದು ಬೆಂಗಳೂರಿನಲ್ಲಿ. ಅದರ ಜಗಳ ನಡೆದದ್ದು ಮಧುಗಿರಿಯ ಬಸ್ ಸ್ಟ್ಯಾಂಡ್ ಎದುರಿನ ಟೀ ಅಂಗಡಿಯಲ್ಲಿ.

ಪರ್ವತ ಎಂದರೆ ಪರ್ವತಯ್ಯ, ಕೊರಟಗೆರೆ ಕಡೆಯವರು. ಕನ್ನಡದಲ್ಲಿ ರಾಕ್ ಹಾಡುವುದುಂಟೇ ಎಂದು ಜನ ನಗುತ್ತಿದ್ದ ಕಾಲದಲ್ಲೇ ಗಿಟಾರ್ ಹೆಗಲಿಗೇರಿಸಿ ಹೊರಟವರು. ಈಗ ತಲೆ ಪೂರಾ ನರೆತಿದೆ. ಆದರೂ ಬೆಂಗಳೂರಿನ ಆ ದೊಡ್ಡ ಮ್ಯೂಸಿಕ್ ಫೆಸ್ಟಿವಲ್‌ನಲ್ಲಿ ಎಲ್ಲರಿಗಿಂತ ದೊಡ್ಡ ಹೆಸರು ಅವರದೇ, ಕಡೆಯ ಪಾಳಿಯೂ ಅವರದೇ. ಕೊನೆಗೆ 'ಬಂಡೆಗೂ ಬಾಯಾರಿತು' ಎತ್ತಿಕೊಂಡರು. ಎರಡನೆಯ ಚರಣದ ನಡುವೆ ನಿಂತುಬಿಟ್ಟರು. ತುಟಿ ಅಲುಗಿತು, ಮಾತು ಬರಲಿಲ್ಲ. ಎದುರಿಗಿದ್ದ ಜನವೇ ಆ ಸಾಲನ್ನು ಹಾಡಿ ಮುಗಿಸಿತು.

ಭಾನುವಾರ ಬೆಳಿಗ್ಗೆ ಮಧುಗಿರಿಯ ಟೀ ಅಂಗಡಿಯಲ್ಲಿ ಪರ್ವತನ ಅಭಿಮಾನಿ ಬಳಗದವರು ಒಂದೇ ಫೋನಿನ ಸುತ್ತ ತಲೆ ಸೇರಿಸಿ ಆ ವಿಡಿಯೋವನ್ನೇ ಮತ್ತೆ ಮತ್ತೆ ನೋಡುತ್ತಿದ್ದರು.

"ಬೇಕಂತ್ಲೇ ನಿಲ್ಸಿದ್ದು ಕಣ್ಲಾ. ಜನ ಹಾಡ್ಲಿ ಅಂತ," ಎಂದ ಟೀ ಅಂಗಡಿಯ ಪೆದ್ದಣ್ಣ.

"ಮರೆತ್ರು ಕಣಣ್ಣ," ಎಂದಳು ಗಂಗಾಂಬಿಕಾ. ಪಕ್ಕದಲ್ಲೇ ಅವಳ ಬ್ಲೌಸ್ ಹೊಲಿಯುವ ಅಂಗಡಿ. ಅಳತೆ ಟೇಪು ಕೊರಳಿಂದ ತೆಗೆದು ಬೆಂಚಿನ ಮೇಲಿಟ್ಟಿದ್ದಳು. "ಮರೆತ ಮೇಲೆ ಸ್ಟೇಜಿಂದ ಇಳೀಬೇಕು. ಅಷ್ಟು ಜನದ ಮುಂದೆ ಅಂಗೆ ನಿಲ್ಲೋದನ್ನ ನನ್ ಕೈಲಿ ನೋಡಕ್ಕಾಗಲ್ಲ."

"ಯಾಕೆ ಇಳೀಬೇಕು?"

ಕೇಳಿದವನು ಮುತ್ತುರಾಜು. ವಳ್ಳೂರಿನವನು, ಅಲ್ಲಿನ ಸೋಲಾರ್ ಪಾರ್ಕಿನಲ್ಲಿ ಪ್ಯಾನೆಲ್ ತೊಳೆಯುವ ತಂಡದ ಮೇಸ್ತ್ರಿ. ಬಿಸಿಲು ಕುಡಿದು ಕಪ್ಪಾದ ಮುಖದಲ್ಲಿ ಕಣ್ಣು ಮಾತ್ರ ತೊಳೆದಿಟ್ಟಂತಿದ್ದವು. ಆ ಕಣ್ಣು ಟೀ ಲೋಟದ ಅಂಚಿನ ಮೇಲಿಂದ ತನ್ನ ಕಡೆಗೇ ಬರುವುದು ಗಂಗಾಂಬಿಕಾಗೆ ಎಷ್ಟೋ ವಾರಗಳಿಂದ ಗೊತ್ತಿತ್ತು. ಅವನ ಬಸ್ಸು ತಡವಾದ ದಿನ ತನ್ನ ಹೊಲಿಗೆ ಸೊಟ್ಟ ಹೋಗುವುದೂ ಗೊತ್ತಿತ್ತು.

"ಮರೆತ್ರೆ ಮರೀಲಿ, ನಾವಿಲ್ವಾ ಹಾಡಕ್ಕೆ?" ಎಂದ ಅವನು. ಚುಡಾಯಿಸುವ ಉಮೇದಿನಲ್ಲಿ ಇನ್ನೊಂದು ಮಾತು ಜಾರಿಸಿದ. "ನಿಮ್ಮಂತೋರ ಮನೇಲಿ ವಯಸ್ಸಾದೋರು ಇದ್ರೆ ಕಷ್ಟ ಬುಡಮ್ಮ. ಒಂದ್ಸಾರಿ ಮರೆತ್ರೆ ಸಾಕು, ಒಳಗೆ ಕೂಡಿ ಚಿಲಕ ಹಾಕ್ಬುಡ್ತೀರ."

ಯಾರೋ ನಕ್ಕರು. ಗಂಗಾಂಬಿಕಾ ಲೋಟ ಕೆಳಗಿಟ್ಟಳು. ಅರ್ಧ ಟೀ ಹಾಗೇ ಇತ್ತು. ಎದ್ದು ಮನೆಯ ದಾರಿ ಹಿಡಿದಳು.

"ಏನ್ ಮಾತಾಡ್ಬುಟ್ಟೆ ಲೇ," ಎಂದ ಪೆದ್ದಣ್ಣ, ಬಟ್ಟೆಯಿಂದ ಕೈ ಒರೆಸುತ್ತಾ. "ಅವ್ರಪ್ಪ ಬಸವಲಿಂಗಯ್ಯನೋರಿಗೆ ಮರೆವಿನ ಕಾಯ್ಲೆ. ಒಂದಿನ ಕೋರ್ಟ್ ಹತ್ರ ಸಿಕ್ಕಿದ್ರು, ಮನೆ ಯಾವ್ದು ಅಂತ ಗೊತ್ತಿಲ್ದೆ. ಆವತ್ತಿಂದ ಆಯಮ್ಮ ಚಿಲಕ ಹಾಕ್ಕಂಡೇ ಅಂಗಡಿಗೆ ಬರೋದು. ಬೇರೆ ದಾರಿ ಏನೈತೆ?"

ಮುತ್ತುರಾಜು ಬೆಂಚಿನ ಮೇಲೆ ಉಳಿದಿದ್ದ ಅಳತೆ ಟೇಪನ್ನು ಕೈಗೆ ತೆಗೆದುಕೊಂಡ.

* * *

ಬೆಟ್ಟದ ಬಂಡೆ ಬಿಸಿಲಿಗೆ ಕಾದು ಓಣಿಯ ಮೇಲೆಲ್ಲ ಝಳ ಚೆಲ್ಲುತ್ತಿತ್ತು. ಮುತ್ತುರಾಜು ಗಂಗಾಂಬಿಕಾಳ ಮನೆಯ ಬಾಗಿಲಲ್ಲಿ ನಿಂತ. ಟೇಪನ್ನು ಮುಂದೆ ಚಾಚಿದ.

"ತಪ್ಪಾಯ್ತು," ಎಂದ. "ಗೊತ್ತಿರ್ಲಿಲ್ಲ."

"ಗೊತ್ತಿಲ್ದೇನೂ ಸರಿಯಾಗೇ ಅಂದ್ರಿ," ಎಂದಳು ಅವಳು. ಅಷ್ಟರಲ್ಲಿ ಒಳಗಿನಿಂದ ದನಿ ಬಂತು.

"ಗಂಗಾ, ಗಂಡಿನ ಕಡೆಯೋರು ಬಂದ್ರೇನಮ್ಮ?"

ಬಸವಲಿಂಗಯ್ಯ ಹಣೆಗೆ ವಿಭೂತಿ ಹಚ್ಚಿ, ಶಲ್ಯ ಹೊದ್ದು ಪಡಸಾಲೆಗೆ ಬಂದೇಬಿಟ್ಟರು. ಅವರ ಮನಸ್ಸು ಬಹಳ ಹಿಂದಿನ ಒಂದು ವರ್ಷದಲ್ಲಿ ಸಿಕ್ಕಿಕೊಂಡಿತ್ತು. ಮಗಳಿಗೆ ಗಂಡು ಹುಡುಕುತ್ತಿದ್ದ ವರ್ಷ. ಆ ಸಲ ಯಾವುದೂ ಕೂಡಿ ಬರಲಿಲ್ಲ. ಆಮೇಲೆ ತಾಯಿ ಹೋದಳು, ಹೊಲಿಗೆ ಮಷೀನು ಬಂತು, ಗಂಗಾಂಬಿಕಾಗೆ ಕಿವಿಯ ಬಳಿ ಕೂದಲು ಬೆಳ್ಳಗಾಯಿತು. ತಂದೆಯ ಲೆಕ್ಕದಲ್ಲಿ ಮಾತ್ರ ಅವಳಿನ್ನೂ ಕಾಲೇಜು ಮುಗಿಸಿದ ಹುಡುಗಿ.

"ಕೂತ್ಕೊಳ್ಳಿ. ಯಾವೂರಾಯ್ತು?"

"ವಳ್ಳೂರು, ಯಜಮಾನ್ರೇ. ಪಾವಗಡದ ಹತ್ರ."

"ಯಾವ ಮಠದ ಶಿಷ್ಯರು?"

ಮುತ್ತುರಾಜು ಗಂಗಾಂಬಿಕಾ ಕಡೆ ನೋಡಿದ. ಅವನ ಮನೆತನಕ್ಕೂ ಮಠಕ್ಕೂ ಸಂಬಂಧವಿರಲಿಲ್ಲ. ಅವಳು ಕಣ್ಣಲ್ಲೇ ಕ್ಷಮೆ ಕೇಳಿದಳು.

"ಪರ್ವತಯ್ಯನೋರ ಶಿಷ್ಯ," ಎಂದ.

"ದೊಡ್ಡೋರು," ಎಂದು ಬಸವಲಿಂಗಯ್ಯ ತಲೆದೂಗಿದರು. "ಗಂಗಾ, ಉಪ್ಪಿಟ್ಟು ತಗಂಬಾ."

ಅಡುಗೆಮನೆಯಲ್ಲಿ ರವೆ ಹುರಿಯುತ್ತಾ ಗಂಗಾಂಬಿಕಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಗು ಬಂದದ್ದು ಎಂದುಕೊಂಡಳು. ಕಣ್ಣು ಒರೆಸಿಕೊಂಡಾಗ ಅಳುವೂ ಬಂದಿತ್ತೆಂದು ತಿಳಿಯಿತು. ತಟ್ಟೆ ಕೊಡುವಾಗ ಅವನ ಬೆರಳು ತಾಕಿತು. ಅವನು ತಲೆ ತಗ್ಗಿಸಿದ, ಥೇಟ್ ಹೆಣ್ಣು ನೋಡಲು ಬಂದ ಗಂಡಿನ ಹಾಗೆ.

"ನಮ್ಮ ಹುಡುಗಿ ನಿಮಗೆ ಒಪ್ಪಿಗೇನಾ?" ಎಂದು ಕೇಳಿದರು ತಂದೆ.

"ಅಪ್ಪಾ, ಸಾಕು. ಮಲಗು ನಡಿ," ಎಂದು ಅವಳು ಅವರ ತೋಳು ಹಿಡಿದು ಎಬ್ಬಿಸಿದಳು. ಉತ್ತರ ಅವನ ಬಾಯಲ್ಲೇ ಉಳಿಯಿತು.

* * *

ಮುಂದಿನ ಭಾನುವಾರವೂ ಬಂದ. ಬಳಗದ ಜಗಳ ಕೇಳಿಸಿಕೊಂಡು, ಟೀ ಮುಗಿಸಿ, ಮನೆಗೆ ಬಂದ. ಅದರ ಮುಂದಿನ ವಾರವೂ. ಬಸವಲಿಂಗಯ್ಯನವರಿಗೆ ಪ್ರತಿ ಸಲವೂ ಹೊಸ ಗಂಡು. ಮೊದಲಿಂದ ಊರು, ಮೊದಲಿಂದ ಮಠ. ಅವನು ಒಮ್ಮೆಯೂ ಬೇಸರಿಸಲಿಲ್ಲ. ಕಡೆಯ ಪ್ರಶ್ನೆ ಬರುವ ಹೊತ್ತಿಗೆ ಸರಿಯಾಗಿ ಅವಳು ತಂದೆಯನ್ನು ಎಬ್ಬಿಸಿಬಿಡುತ್ತಿದ್ದಳು.

"ಇವತ್ತು ಉಪ್ಪಿಟ್ಟಿಗೆ ಉಪ್ಪು ಜಾಸ್ತಿ. ಗಂಡಿನ ಕಡೆಯೋರು ಬೇಜಾರಾದ್ರು ನೋಡಿ," ಎನ್ನುವನು ಹೊರಡುವಾಗ.

"ಗಂಡಿನ ಕಡೆಯೋರು ಎರಡನೇ ಸಲ ಬಡಿಸ್ಕೊಂಡ್ರಲ್ಲ."

"ಅದು ಮರ್ಯಾದೆಗೆ ತಿಂದಿದ್ದು ಮೇಡಂ."

ಇಂಥ ಮಾತಿಗೆ ಮನಸ್ಸು ವಾರವಿಡೀ ಕಾಯತೊಡಗಿದಾಗ ಗಂಗಾಂಬಿಕಾಗೆ ದಿಗಿಲಾಯಿತು. ಪಾವಗಡದ ಬಸ್ಸಿನ ಹತ್ತಿರ ನಿಂತು ಹೇಳಿಬಿಟ್ಟಳು.

"ಮುಂದಿನ ವಾರ ಬರ್ಬೇಡಿ."

"ಪರ್ವಾಲೇದು, ಉಪ್ಪು ಕಮ್ಮಿ ಹಾಕಿದ್ರಾಯ್ತು."

"ತಮಾಷೆ ಅಲ್ಲ. ಅಪ್ಪಂಗೆ ಸಾಯಂಕಾಲಕ್ಕೆ ನೀವು ಬಂದಿದ್ದೇ ಮರ್ತೋಗುತ್ತೆ. ನಂಗೆ ಮರೆಯಕ್ಕಾಗಲ್ಲ. ಅವ್ರನ್ನ ಬಿಟ್ಟು ಎಲ್ಲಿಗೂ ಬರಕ್ಕೂ ಆಗಲ್ಲ. ಇದು ಇಷ್ಟೇ. ಪರ್ವತನಂಗೆ ನಿಲ್ಲೋದ್ಬೇಡ, ಇಳಿದುಬಿಡಣ."

ಬಸ್ಸು ಹೊರಟಿತು. ಅವನು ಕಿಟಕಿಯಿಂದ ನೋಡುತ್ತಲೇ ಇದ್ದ. ಅವಳು ನೋಡಬಾರದೆಂದುಕೊಂಡೇ ನೋಡಿದಳು.

* * *

ಭಾನುವಾರ ಬಂತು. ಯಾರೂ ಬರುವುದಿಲ್ಲವೆಂದು ಗೊತ್ತಿದ್ದೂ ಕೈ ತಾನಾಗಿ ರವೆ ಡಬ್ಬಿಗೆ ಹೋಯಿತು. ಕೈಗೆ ಯಾರು ಬುದ್ಧಿ ಹೇಳುತ್ತಾರೆ?

ಬಸವಲಿಂಗಯ್ಯ ಬಾಗಿಲ ಕಡೆ ನೋಡುತ್ತಿದ್ದರು. "ಯಾರೋ ಬರ್ಬೇಕಿತ್ತಲ್ವೇನಮ್ಮ?"

ಗಂಗಾಂಬಿಕಾಳ ಕೈಯ ಸೌಟು ನಿಂತಿತು. ಬೆಳಗಿನ ಸ್ನಾನವೂ ನೆನಪಿರದ ತಂದೆಯೊಳಗೆ ಅದು ಹೇಗೋ ಉಳಿದಿತ್ತು.

ಬಾಗಿಲಲ್ಲಿ ನೆರಳು ಬಿತ್ತು.

"ಬರ್ಬೇಡಿ ಅಂದಿದ್ನಲ್ಲ," ಎಂದಳು.

"ಬಸ್ ಹತ್ತೋಗಂಟ ನೆನಪಿತ್ತು," ಎಂದ ಮುತ್ತುರಾಜು. "ಆಮೇಲೆ ಮರ್ತೋಯ್ತು."

ಊರಾಯಿತು, ಮಠವಾಯಿತು, ಉಪ್ಪಿಟ್ಟಾಯಿತು. ಗಂಗಾಂಬಿಕಾ ಕಾಫಿ ಲೋಟ ಹಿಡಿದು ನಿಂತಿದ್ದಳು. ಬಸವಲಿಂಗಯ್ಯ ಶಲ್ಯ ಸರಿಪಡಿಸಿಕೊಂಡು, ಸಣ್ಣಗೆ ಕೆಮ್ಮಿದರು.

"ನಮ್ಮ ಹುಡುಗಿ ನಿಮಗೆ..."

ನಿಂತುಬಿಟ್ಟರು. ಶಲ್ಯದ ಅಂಚನ್ನು ಬೆರಳು ಸುತ್ತಿತು, ಬಿಚ್ಚಿತು. ತುಟಿ ಅಲುಗಿತು, ಮಾತು ಬರಲಿಲ್ಲ. ಕೂತಲ್ಲೇ ದಾರಿ ತಪ್ಪಿದವರಂತೆ ಇಬ್ಬರ ಮುಖವನ್ನೂ ನೋಡಿದರು.

ಅವಳು ತಂದೆಯ ತೋಳಿಗೆ ಕೈ ಹಾಕಿದಳು, ಎಬ್ಬಿಸಲೆಂದು. ಮುತ್ತುರಾಜು ಸುಮ್ಮನೆ ಕೂತಿದ್ದ. ಅವಸರವಿರಲಿಲ್ಲ ಅವನಿಗೆ. ಸಂಜೆಯವರೆಗೂ ಹಾಗೇ ಕೂರುವವನಂತಿದ್ದ. ನಾವಿಲ್ವಾ ಹಾಡಕ್ಕೆ, ಎಂದಿದ್ದನಲ್ಲ.

ಹಿಡಿದ ತೋಳನ್ನು ಅವಳು ಎತ್ತಲಿಲ್ಲ. ತಂದೆಯ ಪಕ್ಕದಲ್ಲೇ ಕೂತಳು.

"ನಮ್ಮ ಹುಡುಗಿ ನಿಮಗೆ ಒಪ್ಪಿಗೇನಾ?" ಎಂದು ತಾನೇ ಕೇಳಿದಳು.

"ಮೊದಲ್ನೇ ಭಾನುವಾರನೇ ಒಪ್ಪಿದ್ದೆ," ಎಂದ ಅವನು ಮೆಲ್ಲಗೆ. "ಹೇಳಕ್ಕೆ ಯಾರೂ ಬುಡ್ಲಿಲ್ಲ. ನೀವು ಇಲ್ಲಿಂದ ಎಲ್ಲಿಗೂ ಬರ್ಬೇಕಾಗಿಲ್ಲ. ನಾನೇ ಬತ್ತೀನಿ."

ಬಸವಲಿಂಗಯ್ಯನವರ ಮುಖ ಅರಳಿತು. ಮಗಳನ್ನು ಯಾರೋ ನೆರೆಮನೆಯ ಹಿರಿಯಳೆಂಬಂತೆ ನೋಡಿ ಹೇಳಿದರು, "ಹುಡುಗೀನೂ ಒಂದ್ಮಾತು ಕೇಳ್ಬೇಕಲ್ಲ ತಾಯಿ."

ತಾನು ಯಾರೆಂದು ಹೇಳಲು ಬಾಯಿ ತೆರೆದವಳು, ಹೇಳಲಿಲ್ಲ.

"ಕೇಳ್ದೆ ಯಜಮಾನ್ರೇ," ಎಂದಳು. ಕಣ್ಣ ತುಂಬ ನೀರು. "ಹುಡುಗಿಗೂ ಒಪ್ಪಿಗೆ."

ಅಂದು ಮೂವರೂ ಪೆದ್ದಣ್ಣನ ಅಂಗಡಿಗೆ ಹೊರಟರು. ಮುದುಕರ ಒಂದು ಕೈ ಇವಳ ಹೆಗಲ ಮೇಲೆ, ಇನ್ನೊಂದು ಅವನ ಹೆಗಲ ಮೇಲೆ. ಬಳಗದಲ್ಲಿ ಪರ್ವತನ ಜಗಳ ಇನ್ನೂ ಮುಗಿದಿರಲಿಲ್ಲ, ದೂರದಿಂದಲೇ ಕೇಳಿಸುತ್ತಿತ್ತು.

ಓಣಿಯ ತಿರುವಿನಲ್ಲಿ ಬಸವಲಿಂಗಯ್ಯ ನಿಂತರು. "ಈ ಹುಡುಗ ಯಾರಮ್ಮ?"

"ನನ್ನ ನೋಡಕ್ಕೆ ಬಂದವ್ರೆ ಅಪ್ಪಾ."

"ಒಪ್ಪಿದ್ರಾ?"

"ಒಪ್ಪಿದ್ರು."

"ಒಳ್ಳೇದಾಯ್ತು," ಎಂದು ನಡೆದರು. ಸ್ವಲ್ಪ ದೂರ ಹೋಗಿ ಮತ್ತೆ ಅದನ್ನೇ ಕೇಳಿದರು. ಈ ಸಲ ಮುತ್ತುರಾಜು ಹೇಳಿದ.