ಗಟ್ಟಿಯಾಗಿ ಓದಿದ ಚೀಟಿ

"ಆ ಚೀಟಿ ಬರೆದಿದ್ದು ನೀವೇ ತಾನೇ?"

ಆರಾಧನೆ ಮುಗಿದು ಜನ ಇನ್ನೂ ಚರ್ಚಿನ ಅಂಗಳದಲ್ಲೇ ಇದ್ದರು. ಒಳಗೆ ಆರ್ಗನ್ನಿನ ಮುಚ್ಚಳ ಹಾಕುತ್ತಿದ್ದವನ ಎದುರು ಹಾಡಿನ ಟೀಚರ್ ಬಂದು ನಿಂತಿದ್ದಳು. ಸಿಟ್ಟಿಗೆ ಕೂಗೋಣವೆಂದರೆ ಗಂಟಲಿನಿಂದ ಬಂದದ್ದು ಒಡಕು ದನಿ... ಅದರಿಂದ ಸಿಟ್ಟು ಇನ್ನಷ್ಟು ಏರಿತು.

ಅವನು ತಲೆ ತಗ್ಗಿಸಿದ. "ಹೌದು, ನಾನೇ."

"ಒಪ್ಪಿಕೊಳ್ಳೋದಾದ್ರೂ ನೋಡು, ಎಷ್ಟು ಆರಾಮಾಗಿ!"

ಆ ಚರ್ಚಿನ ಬಾಗಿಲ ಬಳಿ ಎರಡು ಪ್ರಾರ್ಥನೆ ಪೆಟ್ಟಿಗೆಗಳಿದ್ದವು. ಬಲಗಡೆಯದರಲ್ಲಿ ಹಾಕಿದ ಚೀಟಿಯನ್ನು ಪಾಸ್ಟರ್ ಒಬ್ಬರೇ ಓದಿ, ಪ್ರಾರ್ಥಿಸಿ, ಹರಿದುಹಾಕುತ್ತಿದ್ದರು. ಎಡಗಡೆಯ ಚೀಟಿಗಳನ್ನು ಭಾನುವಾರ ಇಡೀ ಸಭೆಯ ಮುಂದೆ ಗಟ್ಟಿಯಾಗಿ ಓದುವುದು ವಾಡಿಕೆ. ಹುಟ್ಟಿದಾಗಿನಿಂದ ಅಲ್ಲಿಗೆ ಬರುವವರಿಗೆ ಇದನ್ನು ಹೇಳಿಕೊಡಬೇಕಾಗಿರಲಿಲ್ಲ. ಮೂರು ತಿಂಗಳ ಹಿಂದೆ ಆರ್ಗನ್ ರಿಪೇರಿಗೆ ಬಂದು, ನುಡಿಸುವವರಿಲ್ಲವೆಂದು ಹಾಗೇ ಉಳಿದುಕೊಂಡವನಿಗೆ ಯಾರೂ ಹೇಳಿರಲಿಲ್ಲ.

ಹೀಗಾಗಿ ಅಂದು ಪಾಸ್ಟರ್ ಕನ್ನಡಕ ಸರಿಮಾಡಿಕೊಂಡು ಓದಿಬಿಟ್ಟಿದ್ದರು: "ಗಂಟಲಿನ ಆಪರೇಷನ್ ಆದ ಮೇಲೆ ನಮ್ಮ ಟೀಚರಿಗೆ ಹಾಡಲು ದನಿ ಏಳುತ್ತಿಲ್ಲ. ಬರೀ ಬಾಯಿ ಆಡಿಸುತ್ತಾರೆ. ಕರ್ತನೇ, ಅವರು ಧೈರ್ಯಗೆಡದ ಹಾಗೆ ನೋಡಿಕೋ."

ಪೂರ್ತಿ ಓದಿದ ಮೇಲೆಯೇ ಪಾಸ್ಟರಿಗೆ ತಾವು ಓದಿದ್ದೇನೆಂದು ಹೊಳೆದದ್ದು!

"ಮೂರು ತಿಂಗಳು ಮುಚ್ಚಿಟ್ಟಿದ್ದೆ ರೀ! ಈಗ ಒಬ್ಬರು ಉಪ್ಪುನೀರು ಮುಕ್ಕಳಿಸು ಅಂತಾರೆ. ಒಬ್ಬರು ನಿನ್ನ ವಿಶ್ವಾಸ ಸಾಲದು ಅಂತಾರೆ. ಇನ್ನೊಬ್ಬರಂತೂ, ಗುಟ್ಟಾಗಿ ಏನಾದ್ರೂ ಪಾಪ ಮಾಡಿದ್ದೀಯಾ ಅಂತ ಕೇಳಿದ್ರು! ತಮಾಷೆ ನೋಡ್ಬೇಕಿತ್ತಾ ನಿಮಗೆ?"

"ತಮಾಷೆನಾ? ಟೀಚರ್, ನಾನು..."

"ಸಾಕು! ಸಂಜೆಯೊಳಗೆ ರಾಜೀನಾಮೆ ಕೊಡ್ತೀನಿ. ಗಾಯಕವೃಂದವನ್ನ ದನಿ ಇರೋರು ನಡೆಸಲಿ."

ಮನೆಗೆ ಬಂದವಳು ಊಟ ಮುಟ್ಟಲಿಲ್ಲ. ಅವಳನ್ನು ಸಾಕಿದ ದೊಡ್ಡಮ್ಮ ಬಟ್ಟೆ ಮಡಚುತ್ತಾ ಕೂತಿದ್ದರು.

"ದೊಡ್ಡಮ್ಮ, ದೇವರಿಗೆ ನನ್ನ ಹತ್ರ ಬೇರೇನೂ ಸಿಗಲಿಲ್ವಾ? ಕಾಲು ತಗೊಂಡಿದ್ರೆ ಕೂತ್ಕೊಂಡು ಅವನನ್ನೇ ಹಾಡಿ ಹೊಗಳ್ತಿದ್ದೆ!"

"ದೇವರ ಹತ್ರಾನೂ ಚೌಕಾಸಿ ಮಾಡ್ತೀಯಲ್ಲೇ."

"ನನ್ನ ಮೊರೆ ಅವನಿಗೆ ಕೇಳಿಸ್ತಾನೇ ಇಲ್ಲ. ಸುಮ್ನೆ ಅಲ್ಲಿ ನಿಂತು ನಾಟಕ ಆಡ್ತಿದ್ದೀನಿ, ಅಷ್ಟೆ."

ದೊಡ್ಡಮ್ಮ ಕೈಯಲ್ಲಿದ್ದ ಟವೆಲ್ಲನ್ನು ಮತ್ತೆ ಬಿಚ್ಚಿ ಮತ್ತೆ ಮಡಚಿದರು. "ನಿಮ್ಮ ದೊಡ್ಡಪ್ಪ ಹೋದ ಮೇಲೆ ಒಂದು ವರ್ಷ ನಾನೂ ಮಂಡಿಯೂರಿ ಬಾಯಿ ಆಡಿಸಿದವಳೇ. ಒಂದು ಮಾತೂ ಬರ್ತಿರಲಿಲ್ಲ. ಮಂಡಿಯೂರೋದು ಮಾತ್ರ ಬಿಡಲಿಲ್ಲ. ಅದೂ ಪ್ರಾರ್ಥನೆಯೇ ಆಗಿತ್ತು ಅಂತ ಈಗ ಅನ್ಸುತ್ತೆ."

"ಆವಾಗ ಏನನ್ನಿಸ್ತಿತ್ತು?"

"ಆವಾಗಾ? ಅವನ ಮೇಲೆ ಕೆಟ್ಟ ಕೋಪ!"

ನಾಲ್ಕು ಗಂಟೆಗೆ ಪತ್ರ ಹಿಡಿದು ಚರ್ಚಿಗೆ ಹೋದರೆ ಪಾಸ್ಟರ್ ಬಂದಿರಲಿಲ್ಲ. ಆರ್ಗನ್ನಿನ ಮುಂದೆ ಅವನೊಬ್ಬನೇ ಕೂತಿದ್ದ.

'ಇವನೇ ಸಿಗಬೇಕಾ!' ಅವಳು ಹಲ್ಲು ಕಚ್ಚಿದಳು.

"ಒಂದೇ ಮಾತು ಟೀಚರ್. ಆ ಚೀಟಿ ಪಾಸ್ಟರ್ ಒಬ್ಬರೇ ಓದ್ತಾರೆ ಅಂದ್ಕೊಂಡಿದ್ದೆ. ಎರಡು ಪೆಟ್ಟಿಗೆಗೂ ವ್ಯತ್ಯಾಸ ಇದೆ ಅಂತ ಗೊತ್ತಿರಲಿಲ್ಲ. ಕ್ಷಮಿಸಿ."

ಅವಳು ಕೈಯಲ್ಲಿದ್ದ ಪತ್ರವನ್ನು ಮಡಚಿದಳು. ಈ ತಪ್ಪನ್ನು ಬೈಯುವುದಾದರೂ ಹೇಗೆ?

"ಇನ್ನೊಂದಿದೆ," ಅವನು ಅಳುಕುತ್ತಾ ಹೇಳಿದ. "ಪ್ರತಿ ವಾರ ಹಾಡಿನ ಶ್ರುತಿ ಸ್ವಲ್ಪ ಸ್ವಲ್ಪ ಇಳಿಸ್ತಾ ಬಂದೆ. ಎಲ್ಲಾದ್ರೂ ಒಂದು ಕಡೆ ನಿಮ್ಮ ದನಿ ಬಂದು ಸೇರ್ಕೊಳ್ಳುತ್ತೇನೋ ಅಂತ."

"ಬೇಕಂತಲೇ ಇಳಿಸಿದ್ರಾ? ನಿಮಗೆ ರಿಪೇರಿನೇ ಬರಲ್ಲ ಅಂತ ಪಾಸ್ಟರ್‌ಗೆ ದೂರು ಕೊಟ್ಟಿದ್ದೆನಲ್ಲ!"

"ಮೂರು ಸಲ. ಅವರು ಹೇಳಿದ್ರು."

"ನಂಗೆ ಒಂದು ಮಾತು ಹೇಳೋಕೇನಾಗಿತ್ತು?"

"ಮುಚ್ಚಿಟ್ಟಿದ್ದನ್ನ ಹೇಗೆ ಕೇಳಲಿ? ಅದಕ್ಕೇ ದೇವರಿಗೆ ಬರೆದೆ."

"ಯಾಕೆ... ಇಷ್ಟೆಲ್ಲಾ ಯಾಕೆ?"

"ಜನ ಹೊಗಳೋ ನಿಮ್ಮ ಆ ದನಿಯನ್ನ ನಾನು ಕೇಳೇ ಇಲ್ಲ. ನಾನು ಬರೋ ಹೊತ್ತಿಗೆ ಅದು ಹೋಗಿತ್ತು. ನಾನು ನೋಡಿದ್ದು, ದನಿಯಿಲ್ಲದಿದ್ರೂ ಪ್ರತಿ ಭಾನುವಾರ ದೇವರ ಮುಂದೆ ಬಂದು ನಿಲ್ಲೋ ಒಬ್ಬರನ್ನ. ಅವರನ್ನೇ ಪ್ರೀತಿಸಿದೆ."

ಅವಳು ಮೆಲ್ಲನೆ ಬೆಂಚಿನ ತುದಿಗೆ ಕೂತಳು. ನಾಟಕವೆಂದು ತಾನು ನಾಚುತ್ತಿದ್ದುದನ್ನು ಇವನು ವಿಶ್ವಾಸವೆಂದು ಓದಿಕೊಂಡಿದ್ದಾನೆ. 'ದೇವರೇ, ನೀನೂ ಹಾಗೇ ಓದಿಕೊಂಡೆಯಾ?'

"ನುಡಿಸಿ," ಎಂದಳು.

ಅವನು ನುಡಿಸಿದ. ಅವಳ ಬಾಯಿಂದ ಗಾಳಿ ಬಂತು, ದನಿ ಬರಲಿಲ್ಲ.

"ಇನ್ನೂ ಇಳಿಸಿ ರೀ!"

"ಇನ್ನೂ ಇಳಿಸಿದ್ರೆ ಗಂಡಸರ ಸಾಲಿಗೆ ಹೋಗ್ತೀರಿ."

"ಹೋಗ್ತೀನಿ! ನೀವು ಇಳಿಸಿ!"

ಇಳಿಸಿದ. ಆಗ ಬಂತು... ಒರಟಾದ, ದಪ್ಪನೆಯ, ಅವಳಿಗೇ ಪರಿಚಯವಿಲ್ಲದ ದನಿ. ಒಂದು ಸಾಲು, ಎರಡು ಸಾಲು, ಇಡೀ ಚರಣ. ಕೇಳಿದ್ದನ್ನು ದೇವರು ಕೊಟ್ಟಿರಲಿಲ್ಲ. ಉಳಿಸಿದ್ದನ್ನು ತೋರಿಸಿದ್ದ. ಅವಳು ಅಳುತ್ತಲೇ ಹಾಡಿ ಮುಗಿಸಿ, ಕೈಯಲ್ಲಿದ್ದ ಪತ್ರವನ್ನು ಎರಡಾಗಿ ಹರಿದಳು.

"ಒರಟಾಗಿದೆ, ಅಲ್ವಾ?"

"ತುಂಬಾ."

"ನನ್ನ ಸಮಾಧಾನಕ್ಕಾದ್ರೂ ಇಲ್ಲ ಅನ್ನಬಾರದಾ?"

"ಚರ್ಚಿನೊಳಗೆ ಕೂತು ಸುಳ್ಳು ಹೇಳಲಾ?"

"ಹಾಗಾದ್ರೆ ಮನೆಗೆ ಬಂದು ದೊಡ್ಡಮ್ಮನ ಮುಂದೆ ಹೇಳಿ. ಆಗಲೇ ಹೇಳಿದ್ರಲ್ಲ, ಅದನ್ನ."

"ಯಾವುದು? ಒರಟಾಗಿದೆ ಅನ್ನೋದನ್ನಾ?"

"ಅಯ್ಯೋ, ಈ ಮನುಷ್ಯನ ಜೊತೆ ನಾನು ಹೇಗಪ್ಪಾ ಬಾಳಲಿ!"

ಅವನ ಬೆರಳು ಸ್ವರದ ಮೇಲೇ ನಿಂತುಬಿಟ್ಟಿತು. "ಬಾಳ್ತೀರಾ?"

"ಬಾಳದೆ ಇನ್ನೇನು!" ಎಂದಳು ಅವಳು, ಕಣ್ಣೊರೆಸಿಕೊಳ್ಳುತ್ತಾ. "ಏಳಿ ಮೊದಲು. ಕತ್ತಲಾಗೋದ್ರೊಳಗೆ ದೊಡ್ಡಮ್ಮನ ಹತ್ರ ಹೋಗೋಣ."