ಮುಚ್ಚಿಟ್ಟ ಕರಡಿಗೆ

ನಾಲೆಯ ತೂಬಿಗೆ ಹೆಣ ಸಿಕ್ಕಿಕೊಂಡಿದೆ, ಕ್ಯಾಮೆರಾ ಹಿಡಿದು ಬಾ ಎಂದು ಪೊಲೀಸರು ಹೇಳಿ ಕಳಿಸಿದಾಗ ಅದು ಮಲ್ಲಿಕಾರ್ಜುನನದು ಎಂದು ನನಗೆ ಗೊತ್ತಿರಲಿಲ್ಲ.

ನಾನು ದಯಾನಂದ. ಗುಬ್ಬಿ ಪೇಟೆಯಲ್ಲಿ ಫೋಟೋ ಸ್ಟುಡಿಯೋ ಇಟ್ಟವನು. ಹೆಣದ ಫೋಟೋ ನನಗೆ ಹೊಸದಲ್ಲ. ಆದರೆ ಒಂದೇ ಬೆಂಚಿನಲ್ಲಿ ಕೂತು ಓದಿದವನ ಮುಖಕ್ಕೆ ಫೋಕಸ್ ಮಾಡುವುದಿದೆಯಲ್ಲ — ಎರಡು ಸಲ ಕ್ಯಾಮೆರಾ ಇಳಿಸಿದೆ. ತಲೆಯ ಹಿಂದೆ ಏಟು. ಕತ್ತಿನಲ್ಲಿ ದಾರ ಎಳೆದ ಗೀರು. ಎದೆಯ ಮೇಲೆ ಸದಾ ಇರುತ್ತಿದ್ದ ಬೆಳ್ಳಿ ಕರಡಿಗೆ, ಅದರೊಳಗಿನ ಇಷ್ಟಲಿಂಗ — ಎರಡೂ ಇಲ್ಲ!

ಇನ್ಸ್‌ಪೆಕ್ಟರು ಅಲ್ಲೇ ರೀಲು ಕಿತ್ತುಕೊಂಡರು. “ನೋಡಿದ್ದನ್ನ ಹೆಂಡ್ತಿ ಹತ್ರಾನೂ ಹೇಳ್ಬಾರ್ದು. ಹೇಳಿದ್ರೆ ಸ್ಟುಡಿಯೋಗೆ ಬೀಗ!”

ಅದು ೧೯೯೮. ಕುಣಿಗಲ್ ಕಡೆಯ ಹಳ್ಳಿಯೊಂದರಲ್ಲಿ ಹೊಸ ಶಾಲೆಯ ಚಾವಣಿ ಕುಸಿದು ಮೂವರು ಮಕ್ಕಳು ಸತ್ತಿದ್ದರು. ಕಂಟ್ರಾಕ್ಟರು ಬರೀ ಹೆಸರಿಗೆ. ಹಿಂದೆ ನಿಂತು ಕೆಲಸ ಮಾಡಿಸಿದವನು ಬೇರೆ. ಅವನು ಯಾರೆಂದು ಆ ಕೆಲಸದ ಇಂಜಿನಿಯರ್ ಮಲ್ಲಿಕಾರ್ಜುನ ಕೋರ್ಟಿನಲ್ಲಿ ಹೇಳುವವನಿದ್ದ. ಹೇಳುವ ಮೊದಲೇ ಹೆಣವಾದ. ಆ ಶಾಲೆಯ ಟೇಪು ಕತ್ತರಿಸಿದ್ದು ಒಬ್ಬ ಮಂತ್ರಿ. ಸರ್ಕಾರದ ಬಾಯಿಗೆ ಹೊಲಿಗೆ ಬಿತ್ತು.

ಯಾರನ್ನು ಹಿಡಿದಿದ್ದೀರಿ? — ತನಿಖೆಯ ಹಿತದೃಷ್ಟಿಯಿಂದ ಹೇಳಲಾಗದು. ಪೋಸ್ಟ್‌ಮಾರ್ಟಂನಲ್ಲಿ ಏನಿದೆ? — ಹೇಳಲಾಗದು. ಹೆತ್ತ ತಾಯಿಗೂ ಮುಖ ತೋರಿಸದೆ ಹೆಣವನ್ನು ತುಮಕೂರಿನಲ್ಲಿ ಇಟ್ಟುಕೊಂಡರು. ಕೊನೆಗೆ ಬಟ್ಟೆ ಸುತ್ತಿ ಕೊಟ್ಟಾಗಲೂ, ಗುಂಡಿಯ ಹತ್ತಿರ ಹೋಗುವವರೆಗೆ ಬಿಚ್ಚಬಾರದು ಎಂದು ಹುಕುಂ.

ಜನ ರೊಚ್ಚಿಗೆದ್ದರು. ಗುಬ್ಬಿ ಬಂದ್ ಆಯಿತು, ರಸ್ತೆಯಲ್ಲಿ ಟೈರು ಉರಿದವು. ನನ್ನನ್ನೂ ಬಿಡಲಿಲ್ಲ. “ನೀನೂ ಸರ್ಕಾರದ ನಾಯಿನೇ ಏನ್ಲಾ? ಬಾಯ್ ಬುಡ್ಲಾ!” ಎಂದು ಬೀದಿಯಲ್ಲಿ ಉಗಿದರು. ಉಗಿಯಲಿ. ನನ್ನ ಸಿಟ್ಟು ಅವರದಕ್ಕಿಂತ ಹೆಚ್ಚಿತ್ತು.

ಹೋರಾಟಕ್ಕೆ ಮುಂದಾಳು ಸದಾಶಿವಯ್ಯ — ಮಲ್ಲಿಕಾರ್ಜುನನ ತಾಯಿ ಶಿವರುದ್ರಮ್ಮನ ಒಡಹುಟ್ಟಿದ ಅಣ್ಣ. ಮೂರು ಹೊತ್ತೂ ಲಿಂಗಪೂಜೆ ಬಿಡದ ಮನುಷ್ಯ. ಠಾಣೆಯ ಮುಂದೆ ಶಾಮಿಯಾನ ಹಾಕಿಸಿ ಮೈಕಿನಲ್ಲಿ ಕೂಗುತ್ತಿದ್ದ: “ಸರ್ಕಾರ ಬಾಯಿ ಬಿಡ್ಲಿ! ಕೊಲೆಗಾರನ್ನ ನಮ್ ಕೈಗೆ ಕೊಡ್ಲಿ!”

ಅಷ್ಟರಲ್ಲಿ ಸುದ್ದಿ ಸೋರಿತು. ಒಳಗಿರುವವನು ಜೀಪ್ ಡ್ರೈವರ್ ಯಲ್ಲಯ್ಯನಂತೆ. ಕೊನೆಯ ಸಲ ಮಲ್ಲಿಕಾರ್ಜುನನನ್ನು ಕೂರಿಸಿಕೊಂಡು ಹೋದವನು ಅವನೇ. ಸಾಕಲ್ಲ! ನನಗೂ ಅವನ ರಕ್ತ ಬೇಕೆನಿಸಿತು. ಸುಳ್ಳು ಯಾಕೆ ಹೇಳಲಿ?

ಶಿವರುದ್ರಮ್ಮ ಮಾತ್ರ ನನ್ನ ಸ್ಟುಡಿಯೋಗೆ ಬಂದರು. “ಯಲ್ಲಯ್ಯ ನನ್ ಮಗನ ಜೊತೆ ಒಂದೇ ತಟ್ಟೇಲಿ ಉಂಡವ್ನೆ ಕಣಪ್ಪ. ನಂಗೆ ಯಾರೋ ಒಬ್ಬ ಬ್ಯಾಡ. ಮಾಡಿದೋನೇ ಬೇಕು. ಯಾರಾದ್ರೂ ತಿಳಿದೋರ ಹತ್ರ ಕರ್ಕೊಂಡ್ ಹೋಗು.”

ತುಮಕೂರಿನ ಸದಾಶಿವನಗರದಲ್ಲಿ ರಿಟೈರ್ಡ್ ಪೊಲೀಸ್ ಅಧಿಕಾರಿ ಲಕ್ಷ್ಮೀನರಸಿಂಹಯ್ಯ ಇದ್ದರು. ಕೇಳಿದ್ದನ್ನೇ ಮೂರು ಸಲ ಕೇಳುವ, ಸಿಡುಕು ಮೂತಿಯ ಮುದುಕ. ಅವರ ಮುಂದೆ ನಾನು ಮೊದಲ ಸಲ ಬಾಯಿ ಬಿಟ್ಟೆ.

“ಕರಡಿಗೆ ಇರ್ಲಿಲ್ಲ. ಖಾತ್ರಿನಾ?”

“ಖಾತ್ರಿ ಸಾರ್.”

“ಯಾರಿಗೆ ಹೇಳಿದ್ದೆ?”

“ಯಾರಿಗೂ ಇಲ್ಲ. ಈ ಅಮ್ಮನಿಗೂ ಗುಂಡಿ ಹತ್ರಾನೇ ಗೊತ್ತಾಗಿದ್ದು.”

“ಮಣ್ಣಿನ ಫೋಟೋ ತೆಗೆದ್ಯಾ? ತೋರ್ಸು.”

ಲಿಂಗವಂತರಲ್ಲಿ ಸತ್ತವರನ್ನು ಕೂರಿಸಿ, ಅವರ ಲಿಂಗವನ್ನು ಎಡ ಅಂಗೈಯಲ್ಲಿಟ್ಟು, ಕೊನೆಯ ಪೂಜೆ ಮಾಡಿ ಮಣ್ಣು ಮುಚ್ಚುತ್ತಾರೆ. ನನ್ನ ಫೋಟೋದಲ್ಲಿ ಅದೇ ಇತ್ತು. ಮುದುಕ ಭೂತಗನ್ನಡಿ ಇಟ್ಟು ನೋಡಿದರು.

“ಕರಡಿಗೆನೇ ಇಲ್ಲ ಅಂದ್ಮೇಲೆ ಅಂಗೈಲಿ ಲಿಂಗ ಎಲ್ಲಿಂದ ಬಂತಯ್ಯ?”

“ನಮ್ಮಣ್ಣ ತಂದಿದ್ದ,” ಎಂದರು ಶಿವರುದ್ರಮ್ಮ. “ಬಟ್ಟೆ ಬಿಚ್ಚಿ ‘ಅಯ್ಯೋ, ಲಿಂಗ ಇಲ್ವಲ್ರೀ’ ಅಂತ ಅಯ್ನೋರು ಅಂದ್ರು. ಅಣ್ಣ ತಕ್ಷಣ ಜೇಬಿಂದ ಹೊಸಾದು ತೆಗೆದ.”

ಅಂದು ಎಲ್ಲರೂ ‘ಮಾವ ಅಂದ್ರೆ ಇವನಪ್ಪ’ ಎಂದು ಕಣ್ಣೊರೆಸಿಕೊಂಡಿದ್ದರು. ನಾನೂ ಅತ್ತಿದ್ದೆ. ಥೂ!

ಮುದುಕ ಎದ್ದು ಚಪ್ಪಲಿ ಮೆಟ್ಟಿದರು. “ನಡೀರಿ. ಅಯ್ನೋರನ್ನ ನೋಡ್ಬೇಕು.”

ಮಣ್ಣಿನ ಪೂಜೆ ಮಾಡಿಸಿದ್ದ ಅಯ್ಯನವರು ಮಹಾಲಿಂಗಯ್ಯ. ಲಿಂಗಕ್ಕೆ ಸಂಸ್ಕಾರ ಕೊಡುವವರೂ ಊರಲ್ಲಿ ಅವರೇ.

“ಸದಾಶಿವಯ್ಯ ಆ ಲಿಂಗ ಯಾವಾಗ ತಂದ್ರು ಸ್ವಾಮಿ?”

“ಹೆಣ ಬರೋ ಹಿಂದಿನ ದಿನ ನನ್ನತ್ರ ತಂದು ಸಂಸ್ಕಾರ ಮಾಡಿಸ್ಕೊಂಡ್ರು.”

“ಮಲ್ಲಿಕಾರ್ಜುನನಿಗೆ ಅಂತ ಹೇಳಿದ್ರಾ?”

“ಇಲ್ಲಪ್ಪ. ಮನೇಲಿ ಕೂಸು ಹುಟ್ಟೈತೆ, ಅದಕ್ಕೆ ಕಟ್ಬೇಕು ಅಂದ್ರು.”

ಶಿವರುದ್ರಮ್ಮ ನಮ್ಮ ಕಡೆ ತಿರುಗಿದರು. “ಅವ್ರ ಮನೇಲಿ ಯಾವ್ ಕೂಸೂ ಹುಟ್ಟಿಲ್ಲ.”

ಠಾಣೆಯ ಮುಂದೆ ನಾವು ಇಳಿದಾಗ ಜನ ಗೇಟು ಅಲುಗಿಸುತ್ತಿದ್ದರು. “ಯಲ್ಲಯ್ಯನ್ನ ಕೊಡಿ!” ಇನ್ನೊಂದು ಗಳಿಗೆ ಆಗಿದ್ದರೆ ಒಳಗೆ ನುಗ್ಗಿ ಅವನನ್ನು ಸಿಗಿದುಬಿಡುತ್ತಿದ್ದರು. ಲಕ್ಷ್ಮೀನರಸಿಂಹಯ್ಯ ನೆಟ್ಟಗೆ ಶಾಮಿಯಾನದೊಳಗೆ ಹೋಗಿ ಮೈಕಿನ ಹತ್ತಿರವೇ ನಿಂತರು.

“ಸದಾಶಿವಯ್ಯನೋರೆ, ಒಂದು ಪ್ರಶ್ನೆ. ಬಟ್ಟೆ ಬಿಚ್ಚೋ ಮೊದ್ಲೇ ಹೆಣದ ಮೈಮೇಲೆ ಲಿಂಗ ಇಲ್ಲ ಅಂತ ನಿಮಗೆ ಯಾರು ಹೇಳಿದ್ರು?”

ಗೇಟು ಹಿಡಿದಿದ್ದವರು ಇತ್ತ ತಿರುಗಿದರು.

“ಯಾರ್... ಯಾರೂ ಹೇಳಿಲ್ಲ. ನೀರಲ್ಲಿ ಕಳ್ದೋಗಿರ್ಬೋದು ಅಂತ ಅನ್ಕೊಂಡೆ.”

“ಒಳ್ಳೇದು. ಮತ್ತೆ ಅಯ್ನೋರ ಮುಂದೆ ಕೂಸಿನ ಕತೆ ಯಾಕೆ ಕಟ್ಟಿದ್ರಿ?”

ಸದಾಶಿವಯ್ಯ ಮೈಕಿನಿಂದ ಹಿಂದೆ ಸರಿದ.

ಮುದುಕ ಜನರ ಕಡೆ ತಿರುಗಿದರು. “ಸರ್ಕಾರ ತನ್ನ ಮಾನ ಉಳಿಸ್ಕೊಳ್ಳೋಕೆ ಎಲ್ಲಾನೂ ಮುಚ್ಚಿಡ್ತು. ತಾಯಿಗೂ ಹೇಳ್ಲಿಲ್ಲ. ನಿಮ್ ಸಿಟ್ಟು ನ್ಯಾಯಾನೇ. ಆದ್ರೆ ಲಿಂಗ ಇಲ್ಲ ಅನ್ನೋದು ಗೊತ್ತಿದ್ದದ್ದು ಪೊಲೀಸ್ರಿಗೆ, ಡಾಕ್ಟ್ರಿಗೆ, ಈ ಫೋಟೋದೋನಿಗೆ — ಮತ್ತೆ ಅದನ್ನ ಕಿತ್ತೋನಿಗೆ! ಆ ಸಾಕ್ಷಿಗೆ ಹೆದರ್ಬೇಕಾದೋನು ಶಾಲೆ ಹಿಂದೆ ನಿಂತೋನೊಬ್ನೇ; ಅಂದ್ರೆ ಶಾಲೆ ಕಟ್ಟಿಸಿದ್ದು ಈತ. ತಂಗಿ ಮಗನೇ ಸಾಕ್ಷಿ ಹೇಳ್ತಾನೆ ಅಂತ ಹೊಡೆದ. ಒದ್ದಾಟದಲ್ಲಿ ದಾರ ಕಿತ್ತು ಕರಡಿಗೆ ಕೈಗೆ ಬಂತು. ಹೆಣಾನ ನಾಲೆಗೆ ತಳ್ಳಿದ, ಲಿಂಗ ಎಸೆಯೋಕೆ ಮಾತ್ರ ಧೈರ್ಯ ಬರ್ಲಿಲ್ಲ. ಲಿಂಗ ಇಲ್ದೆ ಹೂಳೋಕೂ ಮನಸ್ಸು ಬರ್ಲಿಲ್ಲ. ಭಕ್ತ ನೋಡಿ!”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಸದಾಶಿವಯ್ಯನ ಕೈ ಎದೆಗೆ ಹೋಯಿತು.

ಶಿವರುದ್ರಮ್ಮ ಮುಂದೆ ಬಂದು ಅಣ್ಣನ ಅಂಗಿಯ ಗುಂಡಿ ಬಿಚ್ಚಿದರು. ಒಳಗೆ ಎರಡು ಶಿವದಾರ, ಎರಡು ಕರಡಿಗೆ. ಹೆಗಲಲ್ಲಿದ್ದ ಕ್ಯಾಮೆರಾ ಎತ್ತಿ ಒಂದು ಫೋಟೋ ತೆಗೆದೆ. ಒಂದರ ಮೂಲೆ ನಗ್ಗಿತ್ತು. ಸ್ಕೂಲಿಗೆ ಹೋಗುವಾಗ ಮಲ್ಲಿಕಾರ್ಜುನ ಸೈಕಲ್‌ನಿಂದ ಬಿದ್ದು ಅದು ನಗ್ಗಿದ್ದು, ನಾನು ಹಿಂದೆ ಕೂತಿದ್ದದ್ದು ನೆನಪಾಯಿತು.

“ರುದ್ರಿ... ಎಲ್ಲೂ ಇಡಕ್ಕಾಗ್ಲಿಲ್ಲ ಕಣೇ. ಬಿಸಾಕಿದ್ರೆ ಪಾಪ...”

“ಕೊಂದ್ರೆ?” ಎಂದರು ಶಿವರುದ್ರಮ್ಮ.

ಜನ ಒಮ್ಮೆಲೇ ಮೇಲೆ ಬಿದ್ದರು. ಎಲ್ಲರಿಗಿಂತ ಮೊದಲು ನಾನೇ ಅವನ ಕೊರಳಪಟ್ಟಿ ಹಿಡಿದಿದ್ದೆ. ಶಿವರುದ್ರಮ್ಮ ಅಡ್ಡ ನಿಂತರು.

“ಯಾರೂ ಮುಟ್ಬ್ಯಾಡಿ! ಸತ್ರೆ ಇವ್ನ ಕೈಲೂ ಲಿಂಗ ಇಟ್ಟು, ಪೂಜೆ ಮಾಡಿ ಮಣ್ ಮಾಡ್ತಾರೆ. ಆ ಮರ್ಯಾದೆ ಇವ್ನಿಗೆ ಇಷ್ಟ್ ಬೇಗ ಬ್ಯಾಡ. ಬದುಕ್ಲಿ. ದಿನಾ ಬದುಕ್ಲಿ.”

ಮಗನ ಕರಡಿಗೆಯನ್ನು ಅವನ ಕೊರಳಿನಿಂದ ತೆಗೆದು ಸೆರಗಿನಲ್ಲಿ ಕಟ್ಟಿಕೊಂಡು, ಮೈಕನ್ನು ಅವನ ಬಾಯಿಗೆ ಹಿಡಿದರು.

“ಬಾಯಿ ಬಿಡ್ಲಿ, ಬಾಯಿ ಬಿಡ್ಲಿ ಅಂತ ಕೂಗ್ತಿದ್ದಲ್ಲಣ್ಣ. ಈಗ ನೀನ್ ಬುಡು.”

ಅವನು ಹೇಳಿದ. ಸತ್ತ ಮಕ್ಕಳ ಶಾಲೆಯಿಂದ ಹಿಡಿದು ನಾಲೆಯವರೆಗೆ, ಗುಬ್ಬಿ ಪೇಟೆಗೆಲ್ಲ ಕೇಳುವಂತೆ ಅಳುತ್ತ ಹೇಳಿದ. ಇನ್ಸ್‌ಪೆಕ್ಟರು ಹೊರಗೆ ಓಡಿ ಬಂದು “ಏಯ್, ಫೋಟೋ ತೆಗೀಬೇಡ!” ಎಂದು ನನ್ನ ಮೇಲೆ ಕೂಗಾಡಿದರು. ನಾನು ತೆಗೆದೆ. ರೀಲು ಮುಗಿಯುವವರೆಗೂ ತೆಗೆದೆ.

ಯಲ್ಲಯ್ಯ ಹೊರಗೆ ಬಂದ ದಿನ, ಅದರಲ್ಲೊಂದನ್ನು ದೊಡ್ಡದು ಮಾಡಿಸಿ ಸ್ಟುಡಿಯೋದ ಗಾಜಿನ ಹಿಂದೆ ಹಾಕಿದೆ: ಅಂಗಿ ತೆರೆದ ಸದಾಶಿವಯ್ಯ, ಎದೆಯ ಮೇಲೆ ಎರಡು ಕರಡಿಗೆ. ಬೀಗ ಹಾಕಲು ಯಾರೂ ಬರಲಿಲ್ಲ.