ಹಸಿರಾದ ಜ್ವಾಲೆ

ಆಗ ನಾನು ನಮ್ಮೂರು ರೊಳ್ಳದಿಂದ ಹೋಗಿ, ಹುಳು ಕೊಲ್ಲುವ ಗ್ಯಾಸ್ ಬಿಡುವ ಕೆಲಸಕ್ಕೆ ಸೇರಿದ್ದೆ. ಅದರ ಹೆಸರು ಮೀಥೈಲ್ ಬ್ರೋಮೈಡ್. ಬಣ್ಣವಿಲ್ಲ, ವಾಸನೆಯಿಲ್ಲ, ಗಾಳಿಗಿಂತ ಭಾರವಾದ್ದರಿಂದ ನೆಲದ ಮೇಲೆ ಕೂರುತ್ತದೆ. ಉಸಿರಲ್ಲಿ ಹೋದರೆ ಮನುಷ್ಯನಿಗೆ ಆಗಲೇ ಗೊತ್ತಾಗುವುದಿಲ್ಲ, ಮರುದಿನ ನಡುಗುತ್ತಾ ಬೀಳುತ್ತಾನೆ.

ರಾಯದುರ್ಗದ ಒಂದು ಜೀನ್ಸ್ ಹೊಲಿಯುವ ಶೆಡ್ಡಿನಲ್ಲಿ ಮರದ ಪೆಟ್ಟಿಗೆಗಳಿಗೆ ಹುಳು ಬಿದ್ದಿತ್ತು. ಶೆಡ್ಡನ್ನು ಒಂದು ದಿನ ಮುಚ್ಚಿ ಗ್ಯಾಸ್ ಬಿಟ್ಟು, ಮರುದಿನ ಎಲ್ಲ ತೆರೆದೆವು. ಮಧ್ಯಾಹ್ನ ನಾನು ಮುಖವಾಡ ಹಾಕಿಕೊಂಡು ಪರೀಕ್ಷೆಯ ದೀಪ ಹಿಡಿದು ಒಳಗೆ ಹೋದೆ. ಗ್ಯಾಸ್ ಉಳಿದಿದ್ದರೆ ಅದರ ಜ್ವಾಲೆ ಹಸಿರಾಗುತ್ತದೆ. ಹೊಲಿಯುವ ನಲವತ್ತು ಹೆಂಗಸರು ಹೊರಗೆ ಕಾಯುತ್ತಿದ್ದರು.

ನೆಲದ ಬಳಿ ಹಿಡಿದೆ, ಹಸಿರಾಗಲಿಲ್ಲ. ಮೂಲೆಗಳಲ್ಲೂ ಇಲ್ಲ. ಕೊನೆಯ ಮಿಷಿನ್ನಿನ ಖಾಲಿ ಸ್ಟೂಲಿನ ಮೇಲೆ, ಕುಳಿತವರ ಬಾಯಿ ಬರುವಷ್ಟು ಎತ್ತರದಲ್ಲಿ ಮಾತ್ರ ಜ್ವಾಲೆ ಹಸಿರಾಯಿತು. ಸರಿಹೋಯಿತು. ಮತ್ತೆ ಹಸಿರಾಯಿತು. ಯಾರೋ ನಿಧಾನವಾಗಿ ಉಸಿರಾಡುತ್ತಿದ್ದ ಹಾಗೆ.

ಹೊರಬಂದು ಸೂಪರ್‌ವೈಸರ್ ಸಿದ್ದಬಸಪ್ಪನವರನ್ನು ಕೇಳಿದೆ: "ಆ ಕೊನೇ ಮಿಷಿನ್ನು ಯಾರ್ದು ಸಾರ್?"

"ಅಲ್ಲಿ ಯಾರೂ ಕುಂದ್ರಂಗಿಲ್ರಿ. ಯಾಕ?"

"ಇವತ್ತು ಯಾರ್ನೂ ಒಳಕ್ಕೆ ಬಿಡ್ಬೇಡಿ."

ಅವರು ವಾದಿಸಲಿಲ್ಲ. ಹೆಂಗಸರನ್ನು ಮನೆಗೆ ಕಳಿಸಿದರು. ಸರಳಿನ ಕಿಟಕಿಗಳನ್ನು ತೆರೆದಿಟ್ಟು, ಬಾಗಿಲಿಗೆ ಬೀಗ ಹಾಕಿ, ಬೀಗದ ಕೈ ನಾನೇ ಇಟ್ಟುಕೊಂಡೆ.

ಬೆಳಿಗ್ಗೆ ಬೀಗ ತೆಗೆದು ಇಬ್ಬರೂ ಒಳಗೆ ಹೋದೆವು. ಜ್ವಾಲೆ ಎಲ್ಲೂ ಹಸಿರಾಗಲಿಲ್ಲ. ಕೊನೆಯ ಮಿಷಿನ್ನಿನಲ್ಲಿ ನಿನ್ನೆ ಇಲ್ಲದಿದ್ದ, ಅರ್ಧ ಹೊಲಿದ ಜೀನ್ಸ್ ಜೇಬೊಂದು ಸಿಕ್ಕಿಕೊಂಡಿತ್ತು. ಸಿದ್ದಬಸಪ್ಪನವರು ಅದನ್ನು ಬಿಡಿಸಲು ಹೋಗಿ ತಟ್ಟನೆ ಕೈ ಹಿಂದಕ್ಕೆಳೆದುಕೊಂಡರು. ಸೂಜಿ ಇನ್ನೂ ಬಿಸಿಯಾಗಿತ್ತು.